ಮಂಡಿಯೂರಿ ಕೂಗಿದರೆ ಕೆಲಸ ನಿಲ್ಲುವ ದ್ವೀಪ

ಕೆಲವು ತಿಂಗಳ ಹಿಂದಿನ ಮಾತು. ಆಫೀಸಿನಲ್ಲಿ ನನ್ನ ಪಾಲಿಗೆ ಬಂದಿದ್ದ ಕೆಲಸ ತೀರಾ ಸಪ್ಪೆಯದು. ವಿಳಾಸ ತುಂಬುವ ಫಾರ್ಮಿನಲ್ಲಿ ದೇಶಗಳ ಉದ್ದನೆಯ ಪಟ್ಟಿ ಇರುತ್ತಲ್ಲ, ಆ ಡ್ರಾಪ್‌ಡೌನನ್ನು ಚೊಕ್ಕ ಮಾಡುವುದು. ಎರಡೆರಡು ಸಲ ಬಂದ ಹೆಸರು, ತಪ್ಪು ಕಾಗುಣಿತ, ಈಗ ಇಲ್ಲದ ದೇಶ, ಎಲ್ಲವನ್ನೂ ಕಿತ್ತು ಹಾಕುತ್ತಾ ಹೋದೆ. ನಡುವೆ 'ಜಿಜಿ - ಗರ್ನ್ಸಿ' ಅಂತ ಒಂದು ಸಾಲು ಕಂಡಿತು. ಗೂಗಲಿಸಿದರೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿರೋ ಒಂದು ಪುಟಾಣಿ ದ್ವೀಪ, ಅಲ್ಲಿಯ ದೊರೆ ಇಂಗ್ಲೆಂಡಿನ ದೊರೆಯೇ. "ಹಾಗಾದ್ರೆ ಬ್ರಿಟನ್ನಿನದ್ದೇ ತಾನೇ?" ಅಂದುಕೊಂಡು ಅಳಿಸಿಬಿಟ್ಟೆ.

ಎರಡೇ ದಿನದಲ್ಲಿ ಟೆಸ್ಟಿಂಗ್ ಕಡೆಯಿಂದ ಬಗ್ ಬಂತು. ಗರ್ನ್ಸಿ ಕಾಣೆಯಾಗಿದೆ, ಅದು ಯುನೈಟೆಡ್ ಕಿಂಗ್‌ಡಂನ ಭಾಗ ಅಲ್ಲ, ದೇಶಗಳ ಐಎಸ್‌ಒ ಸಂಕೇತಪಟ್ಟಿಯಲ್ಲಿ ಅದಕ್ಕೆ 2006ರಿಂದಲೇ ಬೇರೆ ಜಾಗ ಇದೆ, ದಯವಿಟ್ಟು ವಾಪಸ್ ಹಾಕಿ ಅಂತ. ಡಿಸ್ಕಾರ್ಡ್ ಕೊಂಡಿಗಳಲ್ಲಿ 'ಡಾಟ್ ಜಿಜಿ' ಅಂತ ನೋಡಿರ್ತೀರಲ್ಲ, ಅದೂ ಇದೇ ದ್ವೀಪದ್ದು. ಗೇಮ್ ಆಡೋರು ಅದನ್ನು 'ಗುಡ್ ಗೇಮ್' ಅಂತ ಓದಿಕೊಳ್ತಾರೆ, ಅಷ್ಟೇ :-)

ಬಗ್ ಸರಿಪಡಿಸೋದು ಐದು ನಿಮಿಷದ ಕೆಲಸ. ಆದರೆ ಒಂದೇ ದೊರೆ, ಬೇರೆ ದೇಶ, ಬೇರೆ ಕಾನೂನು... ಇದು ಹೇಗೆ ಅಂತ ಹುಡುಕುತ್ತಾ ಕೂತವನು ನಾಲ್ಕು ವಾರಾಂತ್ಯ ಕಳೆದೆ. ಓದುತ್ತಾ ಓದುತ್ತಾ ಮೊದಲು ನಗು ಬಂತು, ಆಮೇಲೆ ಮೆಚ್ಚುಗೆ ಬಂತು, ಕೊನೆಗೆ ಎದೆ ಭಾರವಾಯ್ತು. ಅದೇ ಕ್ರಮದಲ್ಲಿ ನಿಮಗೂ ಹೇಳ್ತೀನಿ.

ಗರ್ನ್ಸಿ ಇರೋದು ಸುಮಾರು 65 ಚದರ ಕಿಲೋಮೀಟರ್. ಬೆಂಗಳೂರು ನಗರದ ಹತ್ತನೇ ಒಂದು ಪಾಲೂ ಆಗಲಿಕ್ಕಿಲ್ಲ. ಜನ ಸುಮಾರು 64 ಸಾವಿರ. ಫ್ರಾನ್ಸಿನ ತೀರ ಹತ್ತಿರ. ಇಂಗ್ಲೆಂಡಿನ ತೀರ ಅದರ ಎರಡು ಪಟ್ಟಿಗಿಂತ ಹೆಚ್ಚು ದೂರ. ಪಕ್ಕದಲ್ಲೇ ಇರೋ ಅಕ್ಕ-ದ್ವೀಪದ ಹೆಸರು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು: ಜರ್ಸಿ. ಹೌದು, ಡೈರಿಗೆ ಹಾಲು ಹಾಕುವವರ ಮನೆಯ ಕೊಟ್ಟಿಗೆಯಲ್ಲಿ ನಿಂತಿರುವ ಜರ್ಸಿ ಹಸುವಿನ ತವರು ಅದೇ. ಗರ್ನ್ಸಿಗೂ ಅದರದ್ದೇ ತಳಿಯ ಹಸು ಇದೆ, ನಮ್ಮ ಕಡೆ ಅಷ್ಟು ಹೆಸರು ಮಾಡಲಿಲ್ಲ. ಸಾಹಿತ್ಯದವರಿಗೆ ಇನ್ನೊಂದು ಗುರುತು ಹೇಳಬಹುದು. ವಿಕ್ಟರ್ ಹ್ಯೂಗೋ ಫ್ರಾನ್ಸಿನಿಂದ ಗಡಿಪಾರಾಗಿ, ಜರ್ಸಿಯಿಂದಲೂ ಹೊರದಬ್ಬಿಸಿಕೊಂಡು, 1855ರಿಂದ 1870ರವರೆಗೆ ಇದ್ದದ್ದು ಗರ್ನ್ಸಿಯಲ್ಲಿ. 1862ರಲ್ಲಿ 'ಲೆ ಮಿಸರಾಬ್ಲ್' ಹೊರಬಂದದ್ದು ಆತ ಇಲ್ಲಿದ್ದಾಗಲೇ.

ಇನ್ನು ಇತಿಹಾಸ. ಈ ದ್ವೀಪಗಳು 933ರಲ್ಲಿ ನಾರ್ಮಂಡಿಯ ಡ್ಯೂಕನ ಕೈಗೆ ಬಂದವು. ನಾರ್ಮಂಡಿ ಅಂದರೆ ಉತ್ತರ ಫ್ರಾನ್ಸಿನ ಸೀಮೆ. 1066ರಲ್ಲಿ ಅದೇ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದು ಅಲ್ಲಿಗೆ ರಾಜನಾದ. ಇಲ್ಲಿ ಒಂದು ವಿಷಯ ಗಮನಿಸಿ. ಇಂಗ್ಲೆಂಡು ಗರ್ನ್ಸಿಯನ್ನು ಗೆದ್ದದ್ದಲ್ಲ, ಗರ್ನ್ಸಿಯ ದೊರೆ ಇಂಗ್ಲೆಂಡನ್ನು ಗೆದ್ದದ್ದು! ಮುಂದೆ 1204ರಲ್ಲಿ ಜಾನ್ ದೊರೆ ನಾರ್ಮಂಡಿಯ ನೆಲವನ್ನೆಲ್ಲ ಫ್ರಾನ್ಸಿನ ರಾಜ ಫಿಲಿಪ್‌ಗೆ ಕಳೆದುಕೊಂಡ. ದ್ವೀಪಗಳು ಮಾತ್ರ ಜಾನ್‌ನ ಕಡೆಯೇ ಉಳಿದವು. ಜಾನ್‌ನ ಮಗ ಮೂರನೇ ಹೆನ್ರಿ 1259ರ ಪ್ಯಾರಿಸ್ ಒಪ್ಪಂದದಲ್ಲಿ ನಾರ್ಮಂಡಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟರೂ ದ್ವೀಪಗಳು ಕೈಬಿಡಲಿಲ್ಲ.

ಆ ಹೊತ್ತಿನಲ್ಲಿ ದ್ವೀಪದವರಿಗೆ ಇಂಗ್ಲೆಂಡಿನ ದೊರೆಗಳು ಕೊಟ್ಟ ಭರವಸೆ ಸರಳವಾದದ್ದು: ನಿಮ್ಮ ಹಳೆಯ ಕಟ್ಟುಕಟ್ಟಳೆ ನಿಮ್ಮದೇ ಆಗಿರಲಿ. ಯಾಕೆ ಕೊಟ್ಟರು ಅನ್ನೋದೂ ಕಷ್ಟದ ಪ್ರಶ್ನೆ ಅಲ್ಲ. ಫ್ರಾನ್ಸು ಕಣ್ಣಳತೆಯಲ್ಲಿದೆ, ಇಂಗ್ಲೆಂಡು ಕಡಲಿನ ಆಚೆ. ಜನರ ಮನಸ್ಸು ಕೆಡಿಸಿಕೊಂಡರೆ ದ್ವೀಪ ಉಳಿಯೋಲ್ಲ. ಒಬ್ಬ ದೊರೆ ಆದ ಮೇಲೆ ಇನ್ನೊಬ್ಬ ದೊರೆ ಆ ಭರವಸೆಯನ್ನು ಸನ್ನದುಗಳಲ್ಲಿ ಮತ್ತೆ ಮತ್ತೆ ಬರೆದುಕೊಟ್ಟರು. ಇವತ್ತಿಗೂ ಅಲ್ಲಿ ಔತಣಕೂಟದಲ್ಲಿ ದೊರೆಯ ಹೆಸರಿನಲ್ಲಿ ಬಟ್ಟಲೆತ್ತುವಾಗ 'ನಮ್ಮ ಡ್ಯೂಕ್' ಅನ್ನೋ ರೂಢಿ ಇದೆ. ಗರ್ನ್ಸಿಯವರ ನಂಟು ಏನಿದ್ದರೂ ದೊರೆಯ ಜೊತೆ, ಲಂಡನ್ನಿನ ಪಾರ್ಲಿಮೆಂಟಿನ ಜೊತೆ ಅಲ್ಲ. ಆ ಪಾರ್ಲಿಮೆಂಟಿಗೆ ಅವರು ಒಬ್ಬ ಸದಸ್ಯನನ್ನೂ ಆರಿಸಿ ಕಳಿಸೋದಿಲ್ಲ. ರಕ್ಷಣೆ, ವಿದೇಶಾಂಗ ಬ್ರಿಟನ್ ನೋಡಿಕೊಳ್ಳುತ್ತೆ; ತೆರಿಗೆ, ಜಮೀನು, ಮದುವೆ, ಕೋರ್ಟು ಎಲ್ಲ ಅವರದ್ದೇ. ನನ್ನ ಡ್ರಾಪ್‌ಡೌನ್ ಬಗ್ಗಿನ ಬೇರು 1204ರಲ್ಲಿದೆ ಅಂತ ಟಿಕೆಟಿನಲ್ಲಿ ಬರೆಯೋಣ ಅಂದುಕೊಂಡೆ, ಧೈರ್ಯ ಸಾಲಲಿಲ್ಲ.

ಸರಿ, ಆ 'ಹಳೆಯ ಕಟ್ಟುಕಟ್ಟಳೆ' ಅಂದರೇನು? ನಾರ್ಮಂಡಿಯ ರೂಢಿಗತ ಕಾನೂನು. ಯಾವ ರಾಜನೂ ಕೂತು ಬರೆಸಿದ್ದಲ್ಲ, ಜನ ನಡೆದುಕೊಂಡು ಬಂದದ್ದು. ಹದಿಮೂರನೇ ಶತಮಾನದಲ್ಲಿ ಯಾರೋ ಅದನ್ನು ಒಟ್ಟು ಮಾಡಿ ಬರೆದಿಟ್ಟರು, 'ಗ್ರಾಂಡ್ ಕುಸ್ತುಮಿಯೇ' ಅಂತ ಅದಕ್ಕೆ ಹೆಸರು. 1574ರಲ್ಲಿ ಗಿಯೋಮ್ ತೆರಿಯೆಂ ಎಂಬ ಫ್ರೆಂಚ್ ವಕೀಲ ಇದಕ್ಕೆ ದೊಡ್ಡದೊಂದು ವ್ಯಾಖ್ಯಾನ ಬರೆದ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ ರಾಣಿ. ನಿಮ್ಮ ಕಾನೂನು ಏನು ಅನ್ನೋದನ್ನು ಬರೆದು ಕೊಡಿ ಅಂತ ಗರ್ನ್ಸಿಯವರಿಗೆ ಲಂಡನ್ನಿನಿಂದ ಹೇಳಿಕೆ ಹೋಯ್ತು. ಗರ್ನ್ಸಿಯ ಕೋರ್ಟಿನವರು ಮಾಡಿದ ಕೆಲಸ ನೋಡಿದರೆ ಪ್ರೋಗ್ರಾಮರ್ ಆದವನಿಗೆ ಖುಷಿಯಾಗಬೇಕು. ಅವರು ಹೊಸದಾಗಿ ಏನನ್ನೂ ಬರೆಯಲು ಹೋಗಲಿಲ್ಲ. ತೆರಿಯೆಂನ ಪುಸ್ತಕ ತೆಗೆದುಕೊಂಡು ಅಧ್ಯಾಯದ ಮೇಲೆ ಅಧ್ಯಾಯ ನೋಡುತ್ತಾ ಹೋದರು. ಇದು ನಮ್ಮಲ್ಲಿ ಹೌದು. ಇದು ನಮ್ಮಲ್ಲಿ ಇಲ್ಲ. ಇದು ಹೌದು, ಆದರೆ ನಮ್ಮ ರೂಢಿ ಸ್ವಲ್ಪ ಬೇರೆ, ಹೀಗೆ. ಅಂದರೆ ಅವರು ಬರೆದದ್ದು ಕೋಡ್ ಅಲ್ಲ, ಡಿಫ್! ಬೇರೆಯವರ ಪುಸ್ತಕಕ್ಕೆ ತಮ್ಮ ತಿದ್ದುಪಡಿಗಳ ಪಟ್ಟಿ. 1583ರಲ್ಲಿ ರಾಣಿ ಅದಕ್ಕೆ ಒಪ್ಪಿಗೆ ಕೊಟ್ಟಳು. 'ಅಪ್ರೊಬಾಸಿಯೊಂ ದೆ ಲ್ವಾ' ಅಂತ ಅದರ ಹೆಸರು, ಕಾನೂನುಗಳ ಅನುಮೋದನೆ ಅಂತ ಅರ್ಥ.

ವಿಚಿತ್ರ ಅಂದರೆ ಅದೇ 1583ರಲ್ಲಿ ನಾರ್ಮಂಡಿಯವರು ತಮ್ಮ ಕಾನೂನನ್ನು ಪರಿಷ್ಕರಿಸಿ ಹೊಸ ಆವೃತ್ತಿ ತಂದರು. ಗರ್ನ್ಸಿ ಹಳೆಯ ಆವೃತ್ತಿಯಲ್ಲೇ ಉಳಿಯಿತು. ಆಮೇಲೆ ಫ್ರಾನ್ಸಿನಲ್ಲಿ ಕ್ರಾಂತಿ ಆಯ್ತು, 1804ರಲ್ಲಿ ನೆಪೋಲಿಯನ್ನನ ನಾಗರಿಕ ಸಂಹಿತೆ ಬಂತು, ನಾರ್ಮಂಡಿಯಲ್ಲಿ ನಾರ್ಮನ್ ಕಾನೂನು ಅಳಿದೇ ಹೋಯ್ತು. ಮೂಲ ಊರಿನಲ್ಲಿ ಸತ್ತದ್ದು ದ್ವೀಪಗಳಲ್ಲಿ ಬದುಕಿ ಉಳಿಯಿತು. ಗರ್ನ್ಸಿಯಲ್ಲಿ ವಕೀಲರಾಗುವವರು ನಾರ್ಮಂಡಿಯ ಕಾನ್ ಊರಿನ ವಿಶ್ವವಿದ್ಯಾಲಯಕ್ಕೆ ಹೋಗಿ ಫ್ರೆಂಚ್ ಮತ್ತು ನಾರ್ಮನ್ ಕಾನೂನು ಓದಿ ಬರುವ ಪದ್ಧತಿ ಇದೆ. ಆ ಊರಿನಲ್ಲೇ ಯಾರೂ ಬಳಸದ ಕಾನೂನನ್ನು ಆ ಊರಿನಲ್ಲೇ ಕಲಿತು ಬರಬೇಕು!

ಈಗ ನನಗೆ ನಗು ಬಂದ ಭಾಗ.

ನಿಮ್ಮ ಜಾಗದ ಗೋಡೆಯನ್ನು ಯಾರೋ ಕೆಡವುತ್ತಿದ್ದಾರೆ ಅಂದುಕೊಳ್ಳಿ. ನೀವು ಗರ್ನ್ಸಿಯಲ್ಲಿದ್ದರೆ ಹೀಗೆ ಮಾಡಬಹುದು. ಆ ಜಾಗಕ್ಕೆ ಹೋಗಿ, ಇಬ್ಬರು ಸಾಕ್ಷಿಗಳ ಎದುರು, ತಲೆಯ ಮೇಲಿನ ಟೋಪಿ ತೆಗೆದು, ಮಂಡಿಯೂರಿ ಕೂತು, ಫ್ರೆಂಚಿನಲ್ಲಿ ಗಟ್ಟಿಯಾಗಿ ಕೂಗಬೇಕು: "ಹಾರೋ! ಹಾರೋ! ಹಾರೋ! ನನ್ನ ದೊರೆಯೇ, ನೆರವಿಗೆ ಬಾ, ನನಗೆ ಅನ್ಯಾಯ ಮಾಡುತ್ತಿದ್ದಾರೆ!" ಆಮೇಲೆ ಫ್ರೆಂಚಿನಲ್ಲೇ ಕ್ರೈಸ್ತರ ಪರಲೋಕ ಪ್ರಾರ್ಥನೆ ಹೇಳಬೇಕು. ಅಷ್ಟೇ. ಎದುರಿಗಿದ್ದವನು ಗುದ್ದಲಿ ಕೆಳಗಿಡಲೇಬೇಕು. 24 ಗಂಟೆಯೊಳಗೆ ನೀವು ಅದನ್ನು ಬರೆದು ಕೋರ್ಟಿನ ಕಚೇರಿಗೆ ಕೊಡಬೇಕು, ಆಮೇಲೆ ಕೋರ್ಟು ನ್ಯಾಯ ತೀರ್ಮಾನಿಸುತ್ತೆ. ಸುಮ್ಮಸುಮ್ಮನೆ ಕೂಗಿದ್ದರೆ ದಂಡ ನಿಮಗೇ. ಇದಕ್ಕೆ 'ಕ್ಲಾಮ್ಯೂರ್ ದ ಹಾರೋ' ಅಂತಾರೆ. ಕನ್ನಡದ ಕಿವಿಗೆ ಯಾರನ್ನೋ ಬಾವಿಗೆ 'ಹಾರೋ' ಅಂತ ಕೂಗಿದ ಹಾಗೆ ಕೇಳುತ್ತೆ :-)

ಇದು ನಾರ್ಮಂಡಿಯ ಮೊದಲ ದೊರೆ ರೊಲ್ಲೋನ ಹೆಸರು ಹಿಡಿದು ಕೂಗುವುದು, 'ಹಾ ರೋ' ಅಂತ ಒಂದು ದಂತಕಥೆ ಇದೆ. ಅದಕ್ಕಿಂತ ಚೆನ್ನಾಗಿರೋದು ವಿಲಿಯಂನ ಶವಸಂಸ್ಕಾರದ ಕಥೆ. 1087ರಲ್ಲಿ ಇಂಗ್ಲೆಂಡನ್ನು ಗೆದ್ದ ಆ ಮಹಾ ದೊರೆಯ ಹೆಣವನ್ನು ಕಾನ್ ಊರಿನ ಮಠದಲ್ಲಿ ಹೂಳಲು ತಂದಾಗ ಅಸ್ಸೆಲಿನ್ ಎಂಬ ಸಾಮಾನ್ಯ ಮನುಷ್ಯ ಎದ್ದು ನಿಂತನಂತೆ. ಈ ಜಾಗ ನನ್ನಪ್ಪನದು, ಈ ದೊರೆ ಅನ್ಯಾಯವಾಗಿ ಕಿತ್ತುಕೊಂಡದ್ದು, ಇಲ್ಲಿ ಹೂಳಕೂಡದು ಅಂದನಂತೆ. ದೊಡ್ಡದೊಡ್ಡವರೆಲ್ಲ ಸೇರಿದ್ದ ಆ ಸಭೆಯಲ್ಲಿ ಕೆಲಸ ನಿಂತು, ಆತನಿಗೆ ಗುಂಡಿಯ ಜಾಗಕ್ಕೆ ಹಣ ಕೊಟ್ಟ ಮೇಲೆಯೇ ದೊರೆ ಮಣ್ಣು ಸೇರಿದ್ದು. ಆತ ಕೂಗಿದ್ದು 'ಹಾರೋ' ಅಂತಲೇ ಎಂದು ನಂತರದವರು ಸೇರಿಸಿಕೊಂಡರು. ಸೇರಿಸಿಕೊಂಡದ್ದೇ ಆದರೂ ಕಥೆಯ ಆಸೆ ಏನು ಅನ್ನೋದು ತಿಳಿಯುತ್ತಲ್ಲ: ಸತ್ತ ದೊರೆಯ ವಿರುದ್ಧವೂ ದೊರೆಯ ಹೆಸರಿನಲ್ಲೇ ನ್ಯಾಯ ಕೇಳಬಹುದು.

ನಗಬೇಡಿ, ನಮ್ಮಲ್ಲೂ ಇತ್ತು. ದೊರೆಯ ಆಣೆ ಹಾಕಿ ಎದುರಿನವರನ್ನು ತಡೆಯುವುದಕ್ಕೆ ಕನ್ನಡದಲ್ಲಿ 'ದುರಾಯಿ' ಅನ್ನುವ ಹಳೆಯ ಮಾತಿದೆ. ಹಿಂದಿಯ 'ದುಹಾಯಿ' ಕೂಡ ಇದೇ ಬಗೆಯ ಮೊರೆ. 1886ರಲ್ಲಿ ಅಚ್ಚಾದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಈ ಪದ ಹುಡುಕಿದೆ. ಇದು ನಾರ್ಮನ್ನರ 'ಹಾರೋ'ವನ್ನು ಹೋಲುತ್ತೆ, ಹದಿನೇಳನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ಪ್ರವಾಸಿ ತೆವೆನೋ ಆಗಲೇ ಇದನ್ನು ಗುರುತಿಸಿದ್ದ ಅಂತ ಬರೆದಿದ್ದಾರೆ! ಡ್ರಾಪ್‌ಡೌನಿನಿಂದ ಹೊರಟವನು ದುರಾಯಿಗೆ ಬಂದು ಮುಟ್ಟಿದೆ.

ನಮ್ಮದು ನಿಘಂಟು ಸೇರಿತು, ಅವರದು ಇನ್ನೂ ಜೀವಂತ. 2018ರ ಆಗಸ್ಟಿನಲ್ಲಿ ಗರ್ನ್ಸಿಯ ಮಹಿಳೆಯೊಬ್ಬರು ರಸ್ತೆ ಕಾಮಗಾರಿಯೊಂದನ್ನು ತಡೆಯೋದಕ್ಕೆ ಹೀಗೆ ಮಂಡಿಯೂರಿ ಕೂಗಿದ್ದು ಸುದ್ದಿಯಾಗಿತ್ತು. ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಈ ಕೂಗಿಗೆ ಒಂದು ಮಿತಿ ಇದೆ. ಅದು ಇರೋದು ನೆಲ, ಮನೆ, ಗೋಡೆಯಂಥ ಸ್ಥಿರಾಸ್ತಿಯ ಮೇಲಿನ ನಿಮ್ಮ ಸ್ವಾಧೀನವನ್ನು ಕಾಪಾಡಲು. ಬೇರೆ ಅನ್ಯಾಯಗಳಿಗೆ ಅದು ಕೆಲಸ ಮಾಡೋದಿಲ್ಲ. ಈ ಮಿತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತೆ.

ಹಾಗಂತ ಗರ್ನ್ಸಿಯಲ್ಲಿ ಎಲ್ಲವೂ ನಾರ್ಮನ್ ಅಲ್ಲ. ಜಮೀನು, ಆಸ್ತಿ ಹಂಚಿಕೆಯ ಕಾನೂನಿನ ಬೇರು ನಾರ್ಮಂಡಿಯಲ್ಲಿದ್ದರೆ, ಕ್ರಿಮಿನಲ್ ಕಾನೂನು, ಕಂಪೆನಿ ಕಾನೂನು, ಟ್ರಸ್ಟ್ ಕಾನೂನು ಇವೆಲ್ಲ ಹೆಚ್ಚಾಗಿ ಇಂಗ್ಲೆಂಡಿನ ದಾರಿ ಹಿಡಿದಿವೆ. ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬ್ಯಾಂಕು, ಇನ್ಶೂರೆನ್ಸು, ಹಣಕಾಸಿನ ಕಂಪೆನಿಗಳು ಬಂದು ನೆಲೆಯಾದವು. ಆ ವ್ಯವಹಾರಕ್ಕೆ ಹದಿಮೂರನೇ ಶತಮಾನದ ಪುಸ್ತಕ ಎಲ್ಲಿ ಸಾಕಾಗುತ್ತೆ? 1989ರಲ್ಲಿ ಟ್ರಸ್ಟ್ ಕಾನೂನು ಮಾಡಿಕೊಂಡರು, 2007ರಲ್ಲಿ ಅದನ್ನು ಹೊಸದಾಗಿ ಬರೆದುಕೊಂಡರು.

ಎರಡೂ ಬೆರೆಯುವ ಬಗೆಗೆ ಒಳ್ಳೆಯ ಉದಾಹರಣೆ ಉಯಿಲು. ನಾರ್ಮನ್ ರೂಢಿಯಲ್ಲಿ ಸಾಯುವವನು ತನ್ನ ಆಸ್ತಿಯನ್ನು ಮನಸ್ಸಿಗೆ ಬಂದವರಿಗೆಲ್ಲ ಬರೆದುಕೊಡುವ ಹಾಗಿರಲಿಲ್ಲ, ಹೆಂಡತಿ ಮಕ್ಕಳ ಪಾಲನ್ನು ಮುಟ್ಟುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಉಯಿಲು ಬರೆಯುವವನಿಗೆ ಸ್ವಾತಂತ್ರ್ಯ ಹೆಚ್ಚು. 2012ರ ಏಪ್ರಿಲಿನಿಂದ ಗರ್ನ್ಸಿ ಆ ಹಳೆಯ ಕಡ್ಡಾಯ ಪಾಲನ್ನು ಕೈಬಿಟ್ಟಿತು. ಈಗ ಯಾರಿಗೆ ಬೇಕಾದರೂ ಬರೆಯಬಹುದು. ಅನ್ಯಾಯವಾಯಿತು ಅನ್ನಿಸಿದ ಮನೆಯವರು ಕೋರ್ಟಿಗೆ ಹೋಗಿ ತಕ್ಕಷ್ಟು ಕೊಡಿಸಿ ಅಂತ ಕೇಳಬಹುದು. ಈ ಏರ್ಪಾಡು ಇಂಗ್ಲೆಂಡಿನ ಮಾದರಿಯದು. ಒಂದು ಮನೆಯ ತೊಲೆ ತೆಗೆದು ಇನ್ನೊಂದು ಮನೆಯ ಕಂಬ ಕೊಟ್ಟ ಹಾಗೆ.

ಇನ್ನು ಅಲ್ಲಿಯ ಕೊನೆಯ ಅಪೀಲು ಹೋಗೋದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ಹೆಸರು ಕೇಳಿದ ಹಾಗಿದೆ ಅಲ್ಲವಾ? ಬ್ರಿಟಿಷ್ ಇಂಡಿಯಾದ ಹೈಕೋರ್ಟುಗಳಿಂದಲೂ ಕೊನೆಯ ಅಪೀಲು ಅಲ್ಲಿಗೇ ಹೋಗುತ್ತಿತ್ತು, ನಾವು ಅದನ್ನು ನಿಲ್ಲಿಸಿದ್ದು 1949ರಲ್ಲಿ. ಅಂದರೆ ಗರ್ನ್ಸಿಯ ನಾರ್ಮನ್ ರೂಢಿಯ ಅಪೀಲುಗಳು ಹೋಗುವ ಸಮಿತಿಯ ಮುಂದೆಯೇ ಮಿತಾಕ್ಷರದ ಅಪೀಲುಗಳೂ ಬರುತ್ತಿದ್ದವು. ಮಿತಾಕ್ಷರ ಅಂದರೆ ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಬರೆದದ್ದು. ಅದೂ ತೆರಿಯೆಂನದ್ದರ ಹಾಗೆ ವ್ಯಾಖ್ಯಾನವೇ, ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಎರಡೂ ಕಡೆ ಯಾರೋ ವಿದ್ವಾಂಸ ಕೂತು ಬರೆದ ಟೀಕೆ ಮುಂದೆ ಕೋರ್ಟಿನಲ್ಲಿ ಕಾನೂನಾಗಿ ನಿಂತಿತು. 1868ರಲ್ಲಿ ಮದುರೆ ಕಡೆಯ ರಾಮನಾಡ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್, ಹಿಂದೂ ಕಾನೂನಿನಲ್ಲಿ ರೂಢಿ ಸ್ಪಷ್ಟವಾಗಿ ಸಾಬೀತಾದರೆ ಅದು ಬರೆದ ಶಾಸ್ತ್ರಕ್ಕಿಂತ ಮೇಲು ಅಂತ ಹೇಳಿತು. ಗರ್ನ್ಸಿಯ ಕೋರ್ಟಿನವರು 1583ರಲ್ಲಿ ತೆರಿಯೆಂನ ಪುಟಗಳ ಪಕ್ಕ 'ನಮ್ಮಲ್ಲಿ ಹಾಗಿಲ್ಲ' ಅಂತ ಬರೆದದ್ದೂ ಅದನ್ನೇ ಅಲ್ಲವೇ.

ಮೆಚ್ಚುಗೆಯ ಭಾಗ ಇಲ್ಲಿಗೆ ಮುಗಿಯಿತು. ಈಗ ಈ ವ್ಯವಸ್ಥೆಯನ್ನು ನಡೆಸುವವರ ವಿಷಯ.

ನಮ್ಮಲ್ಲಿ ಬೇಲಿಫ್ ಅಂದರೆ ಕೋರ್ಟಿನ ಅಮೀನ, ಜಪ್ತಿಗೆ ಬರುವವನು. ಗರ್ನ್ಸಿಯಲ್ಲಿ ಬೇಲಿಫ್ ಅಂದರೆ ದ್ವೀಪದ ಮುಖ್ಯ ನ್ಯಾಯಾಧೀಶ. ಅವರ ಜೊತೆ ಕೂರುವವರು ಜೂರಟ್‌ಗಳು. ಹಿಂದೆ ಹನ್ನೆರಡು ಮಂದಿ ಇರುತ್ತಿದ್ದರು. ಇವರು ಕಾನೂನು ಓದಿರಬೇಕೆಂದಿಲ್ಲ, ಊರಿನಲ್ಲಿ ಮರ್ಯಾದೆ ಇರುವವರು, ಹೆಚ್ಚುಕಡಿಮೆ ನಮ್ಮ ಪಂಚರಿದ್ದ ಹಾಗೆ. ನಡೆದದ್ದೇನು ಅನ್ನೋದನ್ನು ಜೂರಟ್‌ಗಳು ತೀರ್ಮಾನಿಸಿದರೆ, ಕಾನೂನೇನು ಅನ್ನೋದನ್ನು ಬೇಲಿಫ್ ಹೇಳುತ್ತಾರೆ.

ತೊಡಕು ಏನಪ್ಪಾ ಅಂದರೆ, ಇದೇ ಬೇಲಿಫ್ ದ್ವೀಪದ ಶಾಸನಸಭೆಗೂ ಅಧ್ಯಕ್ಷ. 1948ರ ಸುಧಾರಣೆಯವರೆಗೆ ಜೂರಟ್‌ಗಳೂ ಶಾಸನಸಭೆಯಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಕಾನೂನು ಮಾಡಿ ಮಧ್ಯಾಹ್ನ ಅದರಡಿ ತೀರ್ಪು ಕೊಡುವುದು. ಚಿಕ್ಕ ಊರು, ನಾಲ್ಕು ಜನ ತಿಳಿದವರು, ಇರುವವರೇ ಎಲ್ಲ ಮಾಡಬೇಕು ಅಂತ ಶತಮಾನಗಳ ಕಾಲ ನಡೆದುಹೋಯ್ತು.

ಅದನ್ನು ಪ್ರಶ್ನೆ ಮಾಡಿದ್ದು ಒಬ್ಬ ಹೂವಿನ ಬೆಳೆಗಾರ. ಮೆಕ್‌ಗಾನೆಲ್ ಎಂಬಾತ 1982ರಲ್ಲಿ ಒಂದು ತೋಟ ಕೊಂಡು, ಮುಂದೆ ಅಲ್ಲಿಯ ಪ್ಯಾಕಿಂಗ್ ಶೆಡ್ಡಿನಲ್ಲೇ ವಾಸ ಮಾಡತೊಡಗಿದ. ಯೋಜನಾ ನಕ್ಷೆಯ ಪ್ರಕಾರ ಅದು ಕೃಷಿಯ ಜಾಗ, ಮನೆ ಕೂಡದು ಅಂದರು. 1995ರಲ್ಲಿ ಆತನ ಅಪೀಲು ಕೇಳಿ ವಜಾ ಮಾಡಿದ ಕೋರ್ಟಿನಲ್ಲಿ ಬೇಲಿಫ್ ಆಗಿ ಕೂತಿದ್ದವರು, 1990ರಲ್ಲಿ ಆ ನಕ್ಷೆಯನ್ನು ಅಂಗೀಕರಿಸಿದ ಸಭೆಗೆ ಡೆಪ್ಯುಟಿ ಬೇಲಿಫ್ ಆಗಿ ಅಧ್ಯಕ್ಷತೆ ವಹಿಸಿದವರೇ. ಆತ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ. 2000ದ ಫೆಬ್ರವರಿ 8ರಂದು ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಆತನಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಅಂತ ತೀರ್ಪು ಕೊಟ್ಟರು. ಬೇಲಿಫ್ ಪಕ್ಷಪಾತ ಮಾಡಿದರು ಅಂತ ಯಾರೂ ಹೇಳಲಿಲ್ಲ. ಆ ಅನುಮಾನಕ್ಕೆ ಎಡೆ ಇದೆ, ಅಷ್ಟೇ ಸಾಕು ಅಂದರು. ತೀರ್ಪಿನ ನಂತರವೂ ಬೇಲಿಫ್ ಸಭೆಯ ಅಧ್ಯಕ್ಷರಾಗಿ ಉಳಿದರು, ಆದರೆ ಇಂಥ ಕೇಸುಗಳಿಂದ ದೂರ ಇರುವ ಎಚ್ಚರ ಬಂತು. ಎಂಟುನೂರು ವರ್ಷದ ವ್ಯವಸ್ಥೆಯನ್ನು ಅಲುಗಾಡಿಸಿದ್ದು ಒಂದು ಶೆಡ್ಡು.

ಇನ್ನೊಂದು ಪದ್ಧತಿ ಇದೆ, ನೋಂದಣಿ. ಗರ್ನ್ಸಿಯ ಸಭೆ ಒಂದು ಮುಖ್ಯ ಕಾನೂನು ಮಾಡಿದರೆ ಅದು ಪ್ರಿವಿ ಕೌನ್ಸಿಲ್ ಮೂಲಕ ದೊರೆಯ ಒಪ್ಪಿಗೆ ಪಡೆದು, ವಾಪಸ್ ಬಂದು, ದ್ವೀಪದ ರಾಯಲ್ ಕೋರ್ಟಿನ ದಾಖಲೆಯಲ್ಲಿ ನೋಂದಣಿಯಾಗಬೇಕು. ಲಂಡನ್ನಿನ ಆಜ್ಞೆಯನ್ನು ದ್ವೀಪಕ್ಕೆ ಹಚ್ಚುವಾಗಲೂ ಅದೇ. ಕೋರ್ಟು ಕೂತು, ಓದಿಸಿ, ದಾಖಲೆಗೆ ಸೇರಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹೊರಗಿನಿಂದ ಬಂದ ಕೋಡ್ ಸ್ಥಳೀಯರ ರಿವ್ಯೂ ದಾಟದೆ ಒಳಗೆ ಹೋಗಬಾರದು. ದ್ವೀಪದ ಸ್ವಾಯತ್ತತೆಗೆ ಇದೊಂದು ಬಾಗಿಲು. ಬಾಗಿಲಲ್ಲಿ ಜೂರಟ್‌ಗಳು.

1940ರ ಜೂನ್ 30ರಂದು ಜರ್ಮನ್ ಸೈನ್ಯ ಗರ್ನ್ಸಿಯಲ್ಲಿ ಇಳಿಯಿತು. ಬ್ರಿಟನ್ ದ್ವೀಪಗಳನ್ನು ಕಾಯುವ ಗೋಜಿಗೆ ಹೋಗದೆ ಸೈನ್ಯ ಹಿಂತೆಗೆದುಕೊಂಡಿತ್ತು. ಜರ್ಮನ್ನರು ದ್ವೀಪದ ಕೋರ್ಟನ್ನಾಗಲಿ ಆಡಳಿತವನ್ನಾಗಲಿ ಮುಚ್ಚಲಿಲ್ಲ. ಅದರ ಕೈಯಲ್ಲೇ ಕೆಲಸ ಮಾಡಿಸಿಕೊಂಡರು. ತಮ್ಮ ಆಜ್ಞೆಗಳನ್ನು ತಂದು, ನಿಮ್ಮ ಪದ್ಧತಿಯಂತೆಯೇ ನೋಂದಣಿ ಮಾಡಿ ಅಂದರು.

1940ರ ಅಕ್ಟೋಬರ್ 23ರಂದು ರಾಯಲ್ ಕೋರ್ಟಿನ ಮುಂದೆ ಬಂದದ್ದು ಯಹೂದಿಗಳ ವಿರುದ್ಧದ ಮೊದಲ ಆಜ್ಞೆ. ಯಾರು ಯಹೂದಿ ಅನ್ನುವ ವ್ಯಾಖ್ಯೆ, ಅವರೆಲ್ಲ ಹೆಸರು ಬರೆಸಬೇಕು ಅನ್ನುವ ಅಪ್ಪಣೆ ಅದರಲ್ಲಿತ್ತು. ಒಬ್ಬ ಜೂರಟ್ ಮಾತ್ರ ಎದ್ದು, ನನ್ನ ಒಪ್ಪಿಗೆ ಇಲ್ಲ ಅಂತ ಬಹಿರಂಗವಾಗಿ ಹೇಳಿ, ತಮ್ಮ ಆಕ್ಷೇಪ ಮುಂದಿಟ್ಟರು. ಅವರ ಹೆಸರು ಸರ್ ಅಬ್ರಹಾಂ ಲೇನೆ. ಇಂಡಿಯನ್ ಸಿವಿಲ್ ಸರ್ವಿಸ್ಸಿನಲ್ಲಿದ್ದು, ಅಸ್ಸಾಮಿನಲ್ಲಿ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಮರಳಿದ್ದವರು. ಮಿಕ್ಕವರು ಒಪ್ಪಿದರು. ಆಜ್ಞೆ ನೋಂದಣಿಯಾಯಿತು.

ಆಗ ದ್ವೀಪದ ಅಟಾರ್ನಿ ಜನರಲ್ ಆಗಿದ್ದ ಆಂಬ್ರೋಸ್ ಶೆರ್ವಿಲ್ ಮುಂದೆ ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ದ್ವೀಪದಲ್ಲಿದ್ದ ಯಹೂದಿಗಳೆಲ್ಲ ಆಗಲೇ ಹೊರಟುಹೋಗಿದ್ದಾರೆ, ಇದರಿಂದ ಯಾರಿಗೂ ತೊಂದರೆ ಆಗಲಾರದು ಅಂತ ಅವರು ಭಾವಿಸಿದ್ದರು. ಲೇನೆಯವರಂತೆ ತಾವೂ ಪ್ರತಿಭಟಿಸಲಿಲ್ಲವಲ್ಲ ಅನ್ನುವ ನಾಚಿಕೆ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಎಲ್ಲರೂ ಹೊರಟುಹೋಗಿರಲಿಲ್ಲ. ತೆರೇಸ್ ಸ್ಟೈನರ್, ಆಗುಸ್ತೆ ಸ್ಪಿಟ್ಜ್ ಇಬ್ಬರೂ ಆಸ್ಟ್ರಿಯಾದಿಂದ ಬಂದವರು, ದ್ವೀಪದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಮರಿಯಾನ್ನೆ ಗ್ರುನ್‌ಫೆಲ್ಡ್ ಈಗಿನ ಪೋಲೆಂಡಿನಲ್ಲಿ ಹುಟ್ಟಿದವಳು, ಹೊಲದ ಕೆಲಸದಲ್ಲಿದ್ದಳು. 1942ರ ಏಪ್ರಿಲಿನಲ್ಲಿ ಮೂವರನ್ನೂ ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಿದರು. ಜುಲೈನಲ್ಲಿ ಅಲ್ಲಿಂದ ಆಶ್ವಿಟ್ಜ್‌ಗೆ. ಮೂವರಲ್ಲಿ ಒಬ್ಬಳೂ ವಾಪಸ್ ಬರಲಿಲ್ಲ. ಗರ್ನ್ಸಿಗೆ ಬಿಡುಗಡೆ ಸಿಕ್ಕಿದ್ದು 1945ರ ಮೇ 9ರಂದು.

ಇದನ್ನು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ.

ಮನೆಯಲ್ಲಿ ಬೆಚ್ಚಗೆ ಕೂತು ಅವರನ್ನು ದೂರುವುದು ಸುಲಭ. ಬಂದೂಕು ಹಿಡಿದವರು ಎದುರಿಗಿದ್ದರು. ಎಲ್ಲ ಜೂರಟ್‌ಗಳೂ ಒಪ್ಪುವುದಿಲ್ಲ ಅಂದಿದ್ದರೂ ಜರ್ಮನ್ನರು ಬೇರೆ ದಾರಿ ಹಿಡಿಯುತ್ತಿದ್ದರು ಅನ್ನಿಸುತ್ತೆ. ಲೇನೆಯವರ 'ಇಲ್ಲ'ದಿಂದ ಆ ಮೂವರು ಉಳಿಯಲಿಲ್ಲ ಅನ್ನೋದೂ ನಿಜ. ಆದರೆ ಆ ದಿನ ಎಲ್ಲವೂ ಪದ್ಧತಿಯಂತೆ ನಡೆಯಿತು ಅನ್ನುವುದೇ ನನ್ನನ್ನು ಕೊರೆಯೋದು. ಅದೇ ಕೋರ್ಟು, ಅದೇ ಓದಿಸುವಿಕೆ, ಅದೇ ದಾಖಲೆ ಪುಸ್ತಕ. ಹೊರಗಿನ ಆಜ್ಞೆ ತಡೆಯಲಿಕ್ಕೆ ಶತಮಾನಗಳಿಂದ ಕಾದಿಟ್ಟಿದ್ದ ಬಾಗಿಲೇ ಆ ಆಜ್ಞೆಗೆ ಮರ್ಯಾದೆಯ ಮುದ್ರೆ ಒತ್ತಿ ಒಳಗೆ ಬಿಟ್ಟಿತು.

ನಾವು ಸಾಫ್ಟ್‌ವೇರಿನವರು ಪ್ರಕ್ರಿಯೆಯನ್ನು ಬಹಳ ನಂಬುತ್ತೇವೆ. ರಿವ್ಯೂ ಇದೆ, ಅನುಮೋದನೆ ಇದೆ, ಹಾಗಾಗಿ ಕೆಟ್ಟದ್ದು ಒಳಗೆ ಬರೋಲ್ಲ ಅಂತ. ಆದರೆ ನೋಡದೆ 'ಸರಿ' ಅಂತ ಒತ್ತಿ ಮುಂದೆ ಹೋದ ರಿವ್ಯೂಗಳು ನನ್ನ ಲೆಕ್ಕದಲ್ಲೇ ಎಷ್ಟಿವೆಯೋ. ಹೇಗಿದ್ದರೂ ಇದರಿಂದ ಯಾರಿಗೂ ತೊಂದರೆ ಇಲ್ಲ ಅಂದುಕೊಂಡೇ ಒತ್ತಿರುತ್ತೇವೆ. ಗರ್ನ್ಸಿ ಪಟ್ಟಿಯಲ್ಲಿ ಇಲ್ಲದಿದ್ದರೆ ಯಾರಿಗೇನು ಅಂತ ನಾನು ಅಳಿಸಿದ ಹಾಗೆ. ನನ್ನದು ಒಂದು ಡ್ರಾಪ್‌ಡೌನ್, ಎರಡನ್ನೂ ಹೋಲಿಸುವ ಮಾತೇ ಇಲ್ಲ, ಗೊತ್ತು. ಆದರೆ ನಮಗೆ ಕಾಣದವರು ಇಲ್ಲವೇ ಇಲ್ಲ ಅಂದುಕೊಳ್ಳುವ ಅಭ್ಯಾಸ ಶುರುವಾಗೋದು ಇಂಥ ಚಿಕ್ಕ ಕಡೆಗಳಲ್ಲೇ ಇರಬೇಕು.

ಹಳೆಯ ಕಾನೂನು ಒಳ್ಳೆಯದೋ, ಹೊಸದು ಒಳ್ಳೆಯದೋ ಅಂತ ಯಾರಾದರೂ ಕೇಳಿದರೆ ನನಗೀಗ ಉತ್ತರ ಹೊಳೆಯೋದಿಲ್ಲ. ಎಂಟುನೂರು ವರ್ಷ ಬಾಳಿದ ಕಾನೂನು ಒಬ್ಬ ಬಡವನ ಕೈಗೆ ದೊರೆಯನ್ನೂ ತಡೆಯುವ ಕೂಗು ಕೊಟ್ಟಿತ್ತು. ಆದರೆ ಆ ಕೂಗು ನೆಲಕ್ಕೆ, ಗೋಡೆಗೆ. ಬಂದರಿನಲ್ಲಿ ಹಡಗು ಹತ್ತುತ್ತಿದ್ದ ಮೂವರು ಹೆಂಗಸರಿಗಾಗಿ ಯಾರಾದರೂ ಮಂಡಿಯೂರಿ 'ಹಾರೋ' ಅಂದಿದ್ದರೂ ಕಾನೂನಿನ ಪ್ರಕಾರ ಅದು ಊರ್ಜಿತವಾಗುತ್ತಿರಲಿಲ್ಲ.

ಕೂಗಿಗೂ, ನೋಂದಣಿಯ ಬಾಗಿಲಿಗೂ ಅಷ್ಟೇ ಬಲ, ಅಲ್ಲಿ ನಿಂತ ಮನುಷ್ಯನಿಗೆ ಎಷ್ಟಿದೆಯೋ ಅಷ್ಟು. ಆ ದಿನ ಲೇನೆಯವರೊಬ್ಬರಿಗೆ ಇತ್ತು.

ಅಂದ ಹಾಗೆ, ಡ್ರಾಪ್‌ಡೌನಿನಲ್ಲಿ ಗರ್ನ್ಸಿ ವಾಪಸ್ ಬಂದಿದೆ. ನಿಮ್ಮ ಕಡೆ 'ದುರಾಯಿ' ಅನ್ನೋ ಮಾತು ಇನ್ನೂ ಹಿರಿಯರ ಬಾಯಲ್ಲಿ ಉಳಿದಿದ್ದರೆ, ಯಾವ ಅರ್ಥದಲ್ಲಿ ಅಂತ ಬರೆದು ತಿಳಿಸಿ. ನಮ್ಮ ಅಜ್ಜಿಯನ್ನು ಕೇಳೋಣ ಅಂದರೆ ಅವರಿಲ್ಲ.